ಆಯಿಲ್ ಪಂಪ್ ಕೊಳ್ಳುವ ಮುನ್ನ ಬೇರಿಂಗ್ ಅಳೆಯಿರಿ

ಓದುಗರ ಪ್ರಶ್ನೆ: ನನ್ನಲ್ಲಿ 2002ರ ಹೋಂಡಾ ಸಿಟಿ 1.5 ವಿಟೆಕ್ ಕಾರಿದೆ. ಎಂಜಿನ್ ಪೂರ್ತಿ ಬಿಚ್ಚಿಸಿದ್ದೇನೆ. ಫೋರ್ಜ್ಡ್ ಪಿಸ್ಟನ್ ಮತ್ತು ಸಣ್ಣ ಟರ್ಬೊ ಹಾಕಿಸಿ, 7,500 ಆರ್‌ಪಿಎಂವರೆಗೆ ಓಡಿಸುವ ಯೋಚನೆಯಿದೆ. ವಾರದ ದಿನಗಳಲ್ಲಿ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಬಾರಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಯ್ಯುತ್ತೇನೆ. ಬಿಚ್ಚುವ ಮೊದಲು ಎಂಜಿನ್ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ 8 ಪಿಎಸ್‌ಐಗೆ ಇಳಿಯುತ್ತಿತ್ತು. ಗ್ಯಾರೇಜಿನವರು ಹೈ ವಾಲ್ಯೂಮ್ ಪಂಪ್ ಮತ್ತು ಗಟ್ಟಿ ಸ್ಪ್ರಿಂಗ್ ಹಾಕಿಸಿ ಎನ್ನುತ್ತಾರೆ. ಗೆಳೆಯರೊಬ್ಬರು ಮೂಲ ಪಂಪಿಗೆ ಬಿಲೆಟ್ ರೋಟರ್ (ಗಟ್ಟಿ ಉಕ್ಕಿನ ತುಂಡಿನಿಂದ ಕಡೆದು ಮಾಡಿದ್ದು) ಹಾಕಿದರೆ ಸಾಕು ಎನ್ನುತ್ತಾರೆ. ಹಗುರವಾದ ಅಲ್ಯೂಮಿನಿಯಂ ಕ್ರ್ಯಾಂಕ್ ಪುಲ್ಲಿಯನ್ನೂ ತಂದಿಟ್ಟಿದ್ದೇನೆ. ಯಾವ ಪಂಪ್ ಆರಿಸಲಿ?

ಉತ್ತರ: ಬಿಸಿ ಎಂಜಿನ್‌ನ ಐಡ್ಲಿಂಗ್‌ನಲ್ಲಿ 8 ಪಿಎಸ್‌ಐ ಎಂದು ಬರೆದಿದ್ದೀರಿ. ಆಗ ಆಯಿಲ್‌ನ ಉಷ್ಣಾಂಶ ಎಷ್ಟಿತ್ತು, ಅದೇ ಹೊತ್ತಿನಲ್ಲಿ 3,000 ಆರ್‌ಪಿಎಂಗೆ ಏರಿಸಿದಾಗ ಮುಳ್ಳು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಬರೆದಿಲ್ಲ. ಈ ಎರಡು ಅಂಕಿಗಳಿಲ್ಲದೆ ಆ 8ಕ್ಕೆ ಅರ್ಥವಿಲ್ಲ. ಆ ಕಾಲದ ಹೋಂಡಾ ನಾಲ್ಕು ಸಿಲಿಂಡರ್ ಎಂಜಿನ್‌ಗಳ ಸರ್ವಿಸ್ ಮ್ಯಾನ್ಯುಯಲ್‌ಗಳು ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಇದ್ದಾಗ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್‌ಐ, 3,000 ಆರ್‌ಪಿಎಂನಲ್ಲಿ ಕನಿಷ್ಠ 50 ಪಿಎಸ್‌ಐ ಇರಬೇಕೆನ್ನುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ತೆವಳಿ, ಆಯಿಲ್ 110 ಡಿಗ್ರಿ ದಾಟಿದ ಮೇಲೆ ಕಂಡ 8 ಪಿಎಸ್‌ಐ ಬೇರೆ, 80 ಡಿಗ್ರಿಯಲ್ಲೇ ಕಂಡ 8 ಪಿಎಸ್‌ಐ ಬೇರೆ. 90ರಿಂದ 120 ಡಿಗ್ರಿಗೆ ಏರುವಷ್ಟರಲ್ಲಿ ಸಾಮಾನ್ಯ 10ಡಬ್ಲ್ಯೂ-40 ಆಯಿಲ್‌ನ ಸ್ನಿಗ್ಧತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮೊದಲನೆಯದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಯಾವ ಎಂಜಿನ್ನಿಗಾದರೂ ಸಹಜವಾಗಿ ಆಗುವಂಥದ್ದು. ಎರಡನೆಯದು ಸವೆತದ ಲಕ್ಷಣ.

ಸವೆತವೇ ಆಗಿದ್ದರೂ ಅದು ಪಂಪಿನದ್ದೇ ಎಂದು ಹೇಳಲಾಗದು. ಪಂಪ್ ಒತ್ತಡವನ್ನು ತಯಾರಿಸುವುದಿಲ್ಲ, ಹರಿವನ್ನಷ್ಟೇ ಕೊಡುತ್ತದೆ. ನಿಮ್ಮ ಎಂಜಿನ್ನಿನಲ್ಲಿರುವುದು ಕ್ರ್ಯಾಂಕ್‌ನ ಮೂತಿಯ ಮೇಲೆಯೇ ಕೂತು ಅದರೊಂದಿಗೇ ತಿರುಗುವ ಜಿರೋಟರ್ ಪಂಪ್: ಒಳಗೊಂದು ರೋಟರ್, ಅದಕ್ಕಿಂತ ಒಂದು ಹಲ್ಲು ಹೆಚ್ಚಿರುವ ಹೊರಗಿನ ರೋಟರ್, ಎರಡರ ನಡುವಿನ ಜಾಗ ಹಿಗ್ಗುವಾಗ ಆಯಿಲ್ ಒಳಬರುತ್ತದೆ, ಕುಗ್ಗುವಾಗ ಹೊರಗೆ ತಳ್ಳಲ್ಪಡುತ್ತದೆ. ಹಾಗೆ ತಳ್ಳಲ್ಪಟ್ಟ ಆಯಿಲ್ ಮೇನ್ ಬೇರಿಂಗ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವಲ್ಲಿ), ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿ) ಮತ್ತು ಕ್ಯಾಮ್ ಜರ್ನಲ್‌ಗಳ (ಜರ್ನಲ್ ಎಂದರೆ ಬೇರಿಂಗಿನೊಳಗೆ ತಿರುಗುವ ದುಂಡು ಭಾಗ) ಕಿರಿದಾದ ಸಂದುಗಳಲ್ಲಿ ನುಸುಳಿ ಹೊರಬರಲು ಪಡುವ ಪ್ರಯಾಸವನ್ನೇ ಗೇಜ್ ನಮಗೆ ಒತ್ತಡವೆಂದು ತೋರಿಸುತ್ತದೆ. ಸಂದು ಅಗಲವಾದರೆ ಪ್ರಯಾಸ ಕಡಿಮೆ, ಮುಳ್ಳು ಕೆಳಗೆ.

ಸಂದಿನ ಅಗಲಕ್ಕೂ ಸೋರಿಕೆಗೂ ಇರುವ ಸಂಬಂಧ ನೇರವಾದುದಲ್ಲ, ಘನದ ಸಂಬಂಧ. ಒತ್ತಡ ಮತ್ತು ಆಯಿಲ್ ಒಂದೇ ಇದ್ದಾಗ ಬೇರಿಂಗ್ ಕ್ಲಿಯರೆನ್ಸ್ ಎರಡು ಪಟ್ಟಾದರೆ ಅದರ ಮೂಲಕ ಹರಿದುಹೋಗುವ ಆಯಿಲ್ ಎಂಟು ಪಟ್ಟಾಗುತ್ತದೆ. ನಮ್ಮ ಮಷಿನ್ ಶಾಪ್‌ಗಳ ಮಾತಿನಲ್ಲಿ ಹೇಳುವುದಾದರೆ, ಒಂದೂವರೆ ಥೌ, ಅಂದರೆ 0.038 ಮಿ.ಮೀ. ಇರಬೇಕಿದ್ದ ಕ್ಲಿಯರೆನ್ಸ್ ಎರಡು ಥೌಗೆ, ಅಂದರೆ 0.051 ಮಿ.ಮೀ.ಗೆ ಹಿಗ್ಗಿದರೆ, ಕೇವಲ ಅರ್ಧ ಥೌ ವ್ಯತ್ಯಾಸಕ್ಕೆ ಸೋರಿಕೆ 2.3 ಪಟ್ಟಿಗೂ ಹೆಚ್ಚಾಗುತ್ತದೆ. ಹೈ ವಾಲ್ಯೂಮ್ ಪಂಪ್ ಎಂದರೆ ಬಹುತೇಕ ದಪ್ಪ ಹೆಚ್ಚಿಸಿದ ರೋಟರ್ ಅಷ್ಟೆ. 10 ಮಿ.ಮೀ. ದಪ್ಪದ ರೋಟರನ್ನು 12 ಮಿ.ಮೀ. ಮಾಡಿದರೆ ಪ್ರತಿ ಸುತ್ತಿಗೆ ಸಿಗುವ ಹೆಚ್ಚುವರಿ ಹರಿವು 20 ಪ್ರತಿಶತ. ಸವೆದ ಬೇರಿಂಗ್ ಕಳೆಯುವುದನ್ನು ದಪ್ಪ ರೋಟರ್ ತುಂಬಿಕೊಡಲಾರದು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ. ಅದೃಷ್ಟವಶಾತ್ ನಿಮ್ಮ ಎಂಜಿನ್ ಈಗ ಬಿಚ್ಚಿದ ಸ್ಥಿತಿಯಲ್ಲೇ ಇದೆ. ಜರ್ನಲ್‌ಗಳನ್ನು ಮೈಕ್ರೋಮೀಟರಿನಲ್ಲೂ, ಶೆಲ್ ಹಾಕಿ ಕ್ಯಾಪ್ ಬಿಗಿದ ಬೇರಿಂಗ್‌ಗಳನ್ನು ಬೋರ್ ಗೇಜಿನಲ್ಲೂ ಅಳೆಸಿ, ಒಂದೊಂದು ಜರ್ನಲ್‌ನ ಅಂಕಿಯನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಪೀಣ್ಯದಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಮಷಿನ್ ಶಾಪ್‌ಗಳು ಇವೆ. ಪಂಪ್ ಆಯ್ಕೆ ಆ ಕಾಗದ ಕೈಗೆ ಬಂದ ಮೇಲಿನ ಮಾತು.

ಗಟ್ಟಿ ಸ್ಪ್ರಿಂಗಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಕೂರುವುದು ರಿಲೀಫ್ ವಾಲ್ವ್‌ನಲ್ಲಿ, ಅಂದರೆ ಒತ್ತಡ ಮಿತಿಮೀರಿದಾಗ ತೆರೆದುಕೊಂಡು ಹೆಚ್ಚಾದ ಆಯಿಲನ್ನು ಮರಳಿ ಬಿಡುವ ವಾಲ್ವ್‌ನಲ್ಲಿ. ಆ ಸ್ಪ್ರಿಂಗ್ ಒತ್ತಡದ ಮೇಲ್ಮಿತಿಯನ್ನಷ್ಟೇ ನಿರ್ಧರಿಸುತ್ತದೆ. ಬಿಸಿ ಐಡ್ಲಿಂಗ್‌ನ 8 ಪಿಎಸ್‌ಐನಲ್ಲಿ ಆ ವಾಲ್ವ್ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನಷ್ಟು ಗಟ್ಟಿ ಸ್ಪ್ರಿಂಗ್ ಕೊಟ್ಟರೆ ನಿಮ್ಮ ದೂರು ಇದ್ದಲ್ಲೇ ಇರುತ್ತದೆ. ಆದರೆ ಡಿಸೆಂಬರ್ ತಿಂಗಳ ಬೆಳಿಗ್ಗೆ 15 ಡಿಗ್ರಿ ಚಳಿಯಲ್ಲಿ, ಆಯಿಲ್ ದಪ್ಪಗಿರುವಾಗ ಕಾರನ್ನು ಸ್ಟಾರ್ಟ್ ಮಾಡಿದರೆ, ಒತ್ತಡ ಬೇಡದಷ್ಟು ಮೇಲೇರಿ ಫಿಲ್ಟರ್‌ನ ರಬ್ಬರ್ ಸೀಲ್ ಕಿತ್ತುಕೊಳ್ಳಬಹುದು. ವಾಲ್ವ್‌ನ ಪಿಸ್ಟನ್ ಗೀರಿಲ್ಲದೆ ತನ್ನ ಭಾರಕ್ಕೇ ಜಾರುತ್ತಿದೆಯೇ, ಒಂದು ಕಣ ಸಿಕ್ಕಿಕೊಂಡು ಅರೆತೆರೆದಿದೆಯೇ ಎಂದು ನೋಡುವುದು ಸ್ಪ್ರಿಂಗ್ ಬದಲಾಯಿಸುವುದಕ್ಕಿಂತ ಹೆಚ್ಚು ಉಪಯುಕ್ತ. ಅರೆತೆರೆದ ವಾಲ್ವ್ ಒಂದೇ ಸಾಕು, ಐಡ್ಲಿಂಗ್ ಒತ್ತಡವನ್ನು ನುಂಗಲು.

ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಬೇಕೆಂಬ ಮಾತನ್ನು ನೀವು ಕೇಳಿರುತ್ತೀರಿ. ಇದು ಸ್ಥೂಲ ಸೂತ್ರ, ಆದರೆ ಅದರ ಹಿಂದೆ ಒಂದು ಕಾರಣವಿದೆ. ಮೇನ್ ಬೇರಿಂಗಿನಿಂದ ಕ್ರ್ಯಾಂಕ್‌ನ ರಂಧ್ರದೊಳಗೆ ಹೋಗುವ ಆಯಿಲ್, ತಿರುಗುತ್ತಿರುವ ಕ್ರ್ಯಾಂಕ್ ಅದನ್ನು ಹೊರಕ್ಕೆ ಎಸೆಯುತ್ತಿರುವಾಗಲೇ ಒಳಕ್ಕೆ ನುಗ್ಗಬೇಕು. 45 ಮಿ.ಮೀ. ವ್ಯಾಸದ ಜರ್ನಲ್‌ನ ಹೊರಮೈಯಿಂದ ನಡುಮಧ್ಯದವರೆಗೆ ಆಯಿಲನ್ನು ದೂಡಲು 3,000 ಆರ್‌ಪಿಎಂನಲ್ಲಿ ಸುಮಾರು 3 ಪಿಎಸ್‌ಐ ಸಾಕು. 7,500 ಆರ್‌ಪಿಎಂನಲ್ಲಿ ಆ ಕೆಲಸಕ್ಕೇ ಸುಮಾರು 19 ಪಿಎಸ್‌ಐ ಬೇಕಾಗುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಬೆಳೆಯುತ್ತದೆ. ಬಿಗ್ ಎಂಡ್ ಬೇರಿಂಗಿಗೆ ಸಿಗುವುದು ಉಳಿದ ಒತ್ತಡ ಮಾತ್ರ. ನಿಮ್ಮ ಎಂಜಿನ್ನಿನಲ್ಲಿ ವಿಟೆಕ್‌ನ ರಾಕರ್ ಪಿನ್‌ಗಳು ಸರಿಯುವುದೂ ಇದೇ ಒತ್ತಡದಿಂದ. ಆದ್ದರಿಂದ ಬಿಸಿ ಆಯಿಲ್‌ನಲ್ಲಿ, ಮೇಲಿನ ಆರ್‌ಪಿಎಂನಲ್ಲಿ 65ರಿಂದ 75 ಪಿಎಸ್‌ಐ ನಿಂತರೆ ನಾನು ನೆಮ್ಮದಿಯಿಂದ ಇರುತ್ತೇನೆ. ಅದಕ್ಕಿಂತ ಹೆಚ್ಚು ಬಂದರೆ ಬೇರಿಂಗಿಗೆ ಯಾವ ಉಪಕಾರವೂ ಆಗುವುದಿಲ್ಲ. ಕ್ರ್ಯಾಂಕನ್ನು ಲೋಹ ತಾಗದಂತೆ ಎತ್ತಿ ಹಿಡಿಯುವುದು ತಿರುಗುವಿಕೆಯಿಂದ ಸಂದಿನಲ್ಲಿ ಹುಟ್ಟುವ ಆಯಿಲ್ ಪದರವೇ ಹೊರತು ಪಂಪಿನ ಒತ್ತಡವಲ್ಲ.

ಹೆಚ್ಚುವರಿ ಹರಿವಿಗೆ ತೆರಬೇಕಾದ ಬೆಲೆಯನ್ನೂ ನೋಡೋಣ. ಲೆಕ್ಕ ಸುಲಭವಾಗಲೆಂದು ಪ್ರತಿ ಸುತ್ತಿಗೆ 10 ಮಿ.ಲೀ. ತಳ್ಳುವ ಪಂಪ್ ಎಂದುಕೊಂಡರೆ, 7,500 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 75 ಲೀಟರ್ ಆಯಿಲ್ ಎತ್ತುತ್ತದೆ. 5 ಬಾರ್, ಅಂದರೆ ಸುಮಾರು 73 ಪಿಎಸ್‌ಐ ಒತ್ತಡದಲ್ಲಿ ಅದಕ್ಕೆ ಬೇಕಾಗುವ ಶಕ್ತಿ ಸುಮಾರು 625 ವಾಟ್. ಶೇಕಡ 20 ದೊಡ್ಡ ಪಂಪ್ ಹಾಕಿ, ಗಟ್ಟಿ ಸ್ಪ್ರಿಂಗಿನಿಂದ 7 ಬಾರ್‌ಗೆ ಏರಿಸಿದರೆ ಅದು 1,050 ವಾಟ್ ಆಗುತ್ತದೆ, ಪಂಪಿನೊಳಗಿನ ಘರ್ಷಣೆ ಸೇರಿಸದೆಯೇ. ಎಂಜಿನ್ನಿಗೆ ಬೇಡವಾದ ಆಯಿಲ್ ರಿಲೀಫ್ ವಾಲ್ವ್ ಮೂಲಕ ಮರಳಿ ಸುತ್ತುತ್ತದೆ, ಅದರ ಮೇಲೆ ವ್ಯಯವಾದ ಶಕ್ತಿ ನೇರವಾಗಿ ಆಯಿಲ್‌ನ ಬಿಸಿಯಾಗಿ ಉಳಿಯುತ್ತದೆ. ಆಯಿಲ್ ಬಿಸಿಯಾದರೆ ತೆಳುವಾಗುತ್ತದೆ, ತೆಳುವಾದರೆ ನಿಮ್ಮನ್ನು ಕಾಡಿದ್ದ ಐಡ್ಲಿಂಗ್ ಒತ್ತಡ ಮತ್ತೆ ಕೆಳಗೆ. ಜೊತೆಗೆ, ಸಿಲಿಂಡರ್ ಹೆಡ್ಡಿಗೆ ಹೆಚ್ಚು ಆಯಿಲ್ ಏರಿ, ಅಷ್ಟೇ ಬೇಗ ಕೆಳಗಿಳಿಯಲಾಗದೆ, ಚೇಂಬರಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟ ಕುಸಿಯುವ ಅಪಾಯವೂ ಇದೆ.

ದೊಡ್ಡ ಪಂಪ್ ನಿಜವಾಗಿ ಬೇಕಾಗುವ ಸಂದರ್ಭಗಳು ಇಲ್ಲವೆಂದಲ್ಲ. ಹೆಚ್ಚಿನ ಹೊರೆಗಾಗಿ ಬೇರಿಂಗ್ ಕ್ಲಿಯರೆನ್ಸನ್ನು ಉದ್ದೇಶಪೂರ್ವಕವಾಗಿ ಅಗಲಿಸಿದ ಎಂಜಿನ್, ಮೂಲದಲ್ಲಿ ಇಲ್ಲದ ಪಿಸ್ಟನ್ ಆಯಿಲ್ ಜೆಟ್‌ಗಳನ್ನು ಬ್ಲಾಕಿಗೆ ಹೊಸದಾಗಿ ಸೇರಿಸಿದ ಎಂಜಿನ್, ಇವುಗಳಿಗೆ ಹರಿವೇ ಹೆಚ್ಚು ಬೇಕು. ನಿಮ್ಮದು ಅಂಥದ್ದಲ್ಲ. ಸಣ್ಣ ಟರ್ಬೊದ ಬೇರಿಂಗ್ ಕುಡಿಯುವ ಆಯಿಲ್ ಅಲ್ಪ. ಬಾಲ್ ಬೇರಿಂಗ್ ಟರ್ಬೊ ಆಗಿದ್ದರೆ ತಯಾರಕರು ಹೇಳಿದ ಗಾತ್ರದ ರೆಸ್ಟ್ರಿಕ್ಟರ್ ಹಾಕಿ ಹರಿವನ್ನು ಕಡಿಮೆಯೇ ಮಾಡಬೇಕಾಗುತ್ತದೆ.

ಹಾಗಾದರೆ ನನ್ನ ಆಯ್ಕೆ: ಮೂಲ ಅಳತೆಯದೇ ಹೊಸ ಪಂಪ್, ಮೂಲ ಒತ್ತಡದ ಸ್ಪ್ರಿಂಗ್, ಒಳಗೆ ಬಿಲೆಟ್ ಸ್ಟೀಲ್ ರೋಟರ್‌ಗಳು. ನಿಮ್ಮ ಗೆಳೆಯರ ಮಾತು ಸರಿ, ಆದರೆ ಅದರ ಕಾರಣ ಹರಿವೂ ಅಲ್ಲ, ಒತ್ತಡವೂ ಅಲ್ಲ, ಒಡೆಯದಿರುವುದು. ಬಹುತೇಕ ಕಾರುಗಳ ಮೂಲ ರೋಟರ್‌ಗಳು ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೆಸೆದು ಮಾಡಿದವು. ದಿನನಿತ್ಯದ ಓಡಾಟಕ್ಕೆ ಅವು ಲಕ್ಷಾಂತರ ಕಿಲೋಮೀಟರ್ ಬಾಳುತ್ತವೆ, ಆದರೆ ಏಟು ತಡೆಯುವ ಗುಣ ಅವುಗಳಲ್ಲಿ ಕಡಿಮೆ. ಕ್ರ್ಯಾಂಕ್ ನಮಗೆ ಕಾಣುವಂತೆ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸಿಲಿಂಡರ್ ಉರಿದಾಗಲೂ ಅದು ತಿರುಚಿಕೊಂಡು ಮರಳಿ ಬಿಡಿಸಿಕೊಳ್ಳುತ್ತದೆ, ಮತ್ತು ಆ ಕಂಪನ ಅತಿ ಹೆಚ್ಚಾಗಿರುವುದು ಪಂಪ್ ಕೂತಿರುವ ಮೂತಿಯಲ್ಲಿಯೇ. ಕ್ರ್ಯಾಂಕ್‌ನ ಚಪ್ಪಟೆ ಮುಖಗಳು ಒಳ ರೋಟರನ್ನು ಸೆಕೆಂಡಿಗೆ ನೂರಾರು ಬಾರಿ ಹೀಗೆ ಬಡಿಯುತ್ತಿರುತ್ತವೆ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಎಂಜಿನ್ನಿನಲ್ಲಿ, ಅದರಲ್ಲೂ ಪಂಪನ್ನು ತಿರುಗಿಸುವ ಮುಖ ಕಿರಿದಾಗಿದ್ದ ಆರಂಭದ ಕ್ರ್ಯಾಂಕ್‌ಗಳಲ್ಲಿ, ಪಂಪ್ ಗೇರ್ ಒಡೆಯುವುದು ಜಗತ್ತಿನ ಟ್ಯೂನರ್‌ಗಳಿಗೆಲ್ಲ ತಿಳಿದ ಸಂಗತಿ. ಮಾಜ್ದಾ ಮಿಯಾಟಾದ ಬಿಪಿ ಎಂಜಿನ್ನಿನಲ್ಲಿ ಶಕ್ತಿ ಹೆಚ್ಚಿಸಿದವರೂ ಇದನ್ನೇ ಕಂಡಿದ್ದಾರೆ. ರೆವ್ ಲಿಮಿಟರ್‌ಗೆ ಮತ್ತೆ ಮತ್ತೆ ತಾಗಿಸುವ ಚಾಲನೆಯಲ್ಲಿ ಈ ಏಟು ಇನ್ನೂ ತೀವ್ರ.

ಇದೇ ಕಾರಣಕ್ಕೆ ನೀವು ತಂದಿಟ್ಟಿರುವ ಹಗುರ ಪುಲ್ಲಿಯನ್ನು ದಯವಿಟ್ಟು ಹಾಕಬೇಡಿ. ಮೂಲ ಪುಲ್ಲಿಯ ಒಳಗುಬ್ಬಿಗೂ ಹೊರಬಳೆಗೂ ನಡುವೆ ರಬ್ಬರ್ ಪದರವಿದೆಯೇ ಎಂದು ನೋಡಿ. ಇದ್ದರೆ ಅದು ಬರೀ ಪುಲ್ಲಿಯಲ್ಲ, ಕ್ರ್ಯಾಂಕ್‌ನ ಕಂಪನವನ್ನು ಹೀರುವ ಡ್ಯಾಂಪರ್. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಇಂಥದೇ ಒಂದು ಕಾರು ಬಂತು. ಎಂಜಿನ್ ಕೆಲಸ ಅಚ್ಚುಕಟ್ಟಾಗಿತ್ತು, ಬೇರಿಂಗ್ ಅಳತೆಗಳೂ ಸರಿಯಿದ್ದವು; ಘನ ಅಲ್ಯೂಮಿನಿಯಂ ಪುಲ್ಲಿಯೊಂದನ್ನು ಮಾತ್ರ ಹಾಕಲಾಗಿತ್ತು. ನೈಸ್ ರಸ್ತೆಯಲ್ಲಿ ಆಯಿಲ್ ದೀಪ ಹತ್ತಿತಂತೆ, ಕಾರನ್ನು ಪಕ್ಕಕ್ಕೆ ತರುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತ್ತು. ಪಂಪ್ ಬಿಚ್ಚಿದಾಗ ಒಳ ರೋಟರ್ ಮೂರು ತುಂಡಾಗಿತ್ತು. ಆ ಹುಡುಗ ಎರಡು ವರ್ಷ ಹಣ ಕೂಡಿಟ್ಟು ಕಟ್ಟಿಸಿದ್ದ ಎಂಜಿನ್ ಅದು. ಕ್ರ್ಯಾಂಕ್, ನಾಲ್ಕು ಕನೆಕ್ಟಿಂಗ್ ರಾಡ್, ಕ್ಯಾಮ್, ಏನೂ ಉಳಿದಿರಲಿಲ್ಲ. ಬಿಲೆಟ್ ರೋಟರ್ ಇದ್ದರೂ ಡ್ಯಾಂಪರ್ ಇರಲೇಬೇಕು. ರೋಟರ್ ತಡೆದುಕೊಂಡರೂ ಕಂಪನ ಕ್ರ್ಯಾಂಕನ್ನು ಬಿಡುವುದಿಲ್ಲ. ರಬ್ಬರ್ ಬಿರಿದಿದ್ದರೆ ಹೊಸ ಮೂಲ ಪುಲ್ಲಿಯನ್ನೇ ತನ್ನಿ.

ಕೊಳ್ಳಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪಂಪನ್ನೂ ಎಂಜಿನ್ ಬ್ಲಾಕಿನ ಮೇಲಿನ ಕೋಡನ್ನೂ ಜೊತೆಗೊಯ್ಯಿರಿ. ಹೊರನೋಟಕ್ಕೆ ಒಂದೇ ಎನ್ನಿಸುವ ಪಂಪ್‌ಗಳಲ್ಲಿ ಬೋಲ್ಟ್ ಜಾಗ, ಪಿಕಪ್ (ಚೇಂಬರಿನಿಂದ ಪಂಪಿಗೆ ಆಯಿಲ್ ತರುವ ಕೊಳವೆ) ಕೂರುವ ಮುಖ, ರೋಟರ್ ದಪ್ಪ ಬೇರೆಬೇರೆ ಇರಬಹುದು. ಮುಚ್ಚಳ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಪಂಪ್ ಕೊಳ್ಳಬೇಡಿ. ನಕಲಿ ಪಂಪಿನ ಗುರುತು ಸಿಗುವುದು ಡಬ್ಬಿಯ ಮೇಲಲ್ಲ, ಒಳಗೆ: ಎರಕದ ಒರಟು ಅಂಚು, ಒಳಮೈಯಲ್ಲಿ ಟೂಲಿನ ಗೆರೆಗಳು, ಬಿಗಿಯಾಗಿ ಸಿಕ್ಕಿಕೊಳ್ಳುವ ರಿಲೀಫ್ ಪಿಸ್ಟನ್. ಆಮೇಲೆ ಫೀಲರ್ ಗೇಜ್ ತೆಗೆದುಕೊಳ್ಳಿ. ಎರಡು ರೋಟರ್‌ಗಳ ಹಲ್ಲಿನ ತುದಿಗಳ ನಡುವಿನ ಸಂದು ಈ ಬಗೆಯ ಪಂಪ್‌ಗಳಲ್ಲಿ ಸಾಮಾನ್ಯವಾಗಿ 0.20 ಮಿ.ಮೀ. ಮೀರಬಾರದು. ಪಂಪ್ ಬಾಡಿಯ ಅಂಚಿನ ಮೇಲೆ ನೇರಪಟ್ಟಿ ಇಟ್ಟು ರೋಟರ್ ಮೇಲ್ಮೈವರೆಗೆ ಅಳೆಯುವ ಪಕ್ಕದ ಸಂದು 0.15 ಮಿ.ಮೀ. ಒಳಗಿರಬೇಕು, ಹೊಸ ಪಂಪಿನಲ್ಲಿ ಅದರ ಅರ್ಧದಷ್ಟಿದ್ದರೆ ಒಳ್ಳೆಯದು. ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ. ಈ ಪಕ್ಕದ ಸಂದನ್ನು ಬಹಳ ಜನ ಕಡೆಗಣಿಸುತ್ತಾರೆ, ಆದರೆ ಬೇರಿಂಗಿಗೆ ಹೇಳಿದ ಘನದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ, ಮತ್ತು ಐಡ್ಲಿಂಗ್ ವೇಗದಲ್ಲಿ ಪಂಪ್ ತನ್ನೊಳಗೇ ಸೋರಿಕೊಳ್ಳುವುದು ಇಲ್ಲಿಯೇ. ಗೀರು ಬಿದ್ದ ಹಳೆಯ ಅಲ್ಯೂಮಿನಿಯಂ ಬಾಡಿಯೊಳಗೆ ದುಬಾರಿ ಬಿಲೆಟ್ ರೋಟರ್ ಕೂರಿಸಿದರೆ ಹಣ ವ್ಯರ್ಥ. ಆದ್ದರಿಂದಲೇ ಹೊಸ ಪಂಪ್ ತಂದು ಅದರೊಳಗೆ ಹಾಕಿ ಎಂದೆ. ಹಾಕಿದ ಮೇಲೆ ಈ ಸಂದುಗಳನ್ನು ಮತ್ತೆ ಅಳೆಯಬೇಕು.

ಪಂಪಿನ ಆಯ್ಕೆಯಷ್ಟೇ ಮುಖ್ಯವಾದದ್ದು, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಮುಖ್ಯವಾದದ್ದು, ಪಂಪ್ ಆಯಿಲ್ ಎಳೆದುಕೊಳ್ಳುವ ಬದಿ. ಪಂಪ್ ಆಯಿಲನ್ನು ಎಳೆಯುತ್ತದೆ ಎನ್ನುತ್ತೇವೆ, ವಾಸ್ತವದಲ್ಲಿ ಅದನ್ನು ಮೇಲಕ್ಕೆ ದೂಡುವುದು ಚೇಂಬರಿನೊಳಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 0.9 ಬಾರ್ ಮಾತ್ರ. ಹೊರಹಾಕುವ ಬದಿಯಲ್ಲಿ 5 ಬಾರ್ ಇದ್ದರೂ ಒಳಬರುವ ಬದಿಯಲ್ಲಿ ನಮಗಿರುವ ಬಂಡವಾಳ ಇಷ್ಟೇ. ಪಿಕಪ್ ಬಾಯಿ ಕಿರಿದಾಗಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಆಯಿಲ್‌ನೊಳಗೆ ಗುಳ್ಳೆಗಳು ಹುಟ್ಟಿ, ಒತ್ತಡದ ಬದಿಗೆ ಹೋದಾಗ ಒಡೆದು, ರೋಟರ್ ಮೈಯಲ್ಲಿ ಸಣ್ಣ ಗುಳಿಗಳನ್ನು ತೋಡುತ್ತವೆ. ದೊಡ್ಡ ಪಂಪ್ ಹಾಕಿ ಹಳೆಯ ಪಿಕಪ್ಪನ್ನೇ ಉಳಿಸಿಕೊಂಡವರಿಗೆ ಮೇಲಿನ ಆರ್‌ಪಿಎಂನಲ್ಲಿ ಮುಳ್ಳು ಏರುವ ಬದಲು ನಡುಗುತ್ತಾ ಇಳಿಯುವುದು ಈ ಕಾರಣಕ್ಕೆ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ತಗ್ಗಿಸಿದ ಕಾರು ರಸ್ತೆ ಉಬ್ಬಿಗೋ ಗುಂಡಿಗೋ ಚೇಂಬರ್ ತಾಗಿಸಿಕೊಂಡಿರುತ್ತದೆ. ಸೋರಿಕೆ ಇಲ್ಲದಿದ್ದರೆ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ಆದರೆ ಒಳಕ್ಕೆ ನುಗ್ಗಿದ ತಗಡು ಪಿಕಪ್ ಬಾಯಿಯನ್ನು ಮುಚ್ಚುವಷ್ಟು ಹತ್ತಿರ ಬಂದಿರಬಹುದು. ಪಿಕಪ್ ಮತ್ತು ಚೇಂಬರ್ ತಳದ ನಡುವೆ 6ರಿಂದ 10 ಮಿ.ಮೀ. ಅಂತರ ಬೇಕು. ಪಿಕಪ್ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು, ಗ್ಯಾಸ್ಕೆಟ್ ಸಮೇತ ಚೇಂಬರ್ ಕೂರಿಸಿ ತೆಗೆದು, ಚಪ್ಪಟೆಯಾದ ಮಣ್ಣಿನ ದಪ್ಪ ಅಳೆದರೆ ಇದು ಗೊತ್ತಾಗುತ್ತದೆ. ಅಳೆದ ಮೇಲೆ ಆ ಮಣ್ಣನ್ನು ಒಂದು ಕಣವೂ ಉಳಿಯದಂತೆ ಒರೆಸಿ. ಪಿಕಪ್ ಕೊಳವೆ ಪಂಪಿಗೆ ಸೇರುವಲ್ಲಿಯ ಗ್ಯಾಸ್ಕೆಟ್ ಹೊಸದೇ ಇರಲಿ, ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಂಪ್ ಗಾಳಿ ಕುಡಿಯುತ್ತದೆ. ಚೇಂಬರಿಗೆ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಬಳಿಯಲು ಬಿಡಬೇಡಿ. ಒಳಗೆ ಹಿಂಡಿ ಬಂದ ಪೇಸ್ಟ್ ಹರಿದು ಸ್ಟ್ರೈನರ್ ಜಾಲರಿಯನ್ನು ಕಟ್ಟುವುದನ್ನು ನಾನು ಅನೇಕ ಬಾರಿ ನೋಡಿದ್ದೇನೆ.

ಕರಿ ಸ್ಪೀಡ್‌ವೇಯ ತಿರುವುಗಳಲ್ಲಿ ಆಯಿಲ್ ಚೇಂಬರಿನ ಒಂದು ಗೋಡೆಗೆ ಏರಿ ಪಿಕಪ್ ಬರಿದಾದರೆ, ಯಾವ ಕಂಪನಿಯ ಯಾವ ಪಂಪೂ ಅದನ್ನು ಸರಿಪಡಿಸಲಾರದು. ದೊಡ್ಡ ಪಂಪ್ ಗಾಳಿಯನ್ನು ಇನ್ನೂ ಬೇಗ ನುಂಗುತ್ತದೆ, ಅಷ್ಟೆ. ಹೈ ವಾಲ್ಯೂಮ್ ಪಂಪಿಗೆಂದು ತೆಗೆದಿಟ್ಟ ಹಣವನ್ನು ಚೇಂಬರಿನೊಳಗೆ ಬ್ಯಾಫಲ್ ಬೆಸೆಸಲು ಖರ್ಚು ಮಾಡಿ: ಪಿಕಪ್ ಸುತ್ತ ಒಂದು ಪೆಟ್ಟಿಗೆ, ಅದರ ಗೋಡೆಗಳಲ್ಲಿ ಒಳಕ್ಕೆ ಮಾತ್ರ ತೆರೆಯುವ ಸಣ್ಣ ಬಾಗಿಲುಗಳು. ಟ್ರ್ಯಾಕಿಗೆ ಇಳಿಯುವ ಮೊದಲು ಆಯಿಲ್ ಮಟ್ಟ ಡಿಪ್‌ಸ್ಟಿಕ್‌ನ ಮೇಲಿನ ಗುರುತಿನಲ್ಲೇ ಇರಲಿ. ಡ್ರೈ ಸಂಪ್, ಅಂದರೆ ಆಯಿಲನ್ನು ಚೇಂಬರಿನ ಬದಲು ಪ್ರತ್ಯೇಕ ಟ್ಯಾಂಕಿನಲ್ಲಿಡುವ ವ್ಯವಸ್ಥೆ, ಎಲ್ಲಕ್ಕಿಂತ ಉತ್ತಮ, ಆದರೆ ದಿನವೂ ವೈಟ್‌ಫೀಲ್ಡ್‌ಗೆ ಹೋಗಿ ಬರುವ ಕಾರಿಗೆ ಅದರ ಖರ್ಚನ್ನೂ ಜಂಜಾಟವನ್ನೂ ನಾನು ಶಿಫಾರಸು ಮಾಡಲಾರೆ.

ಇದನ್ನು ಓದುತ್ತಿರುವ ಬೇರೆ ಕಾರಿನವರಿಗೆ ಒಂದು ಮಾತು. ಇತ್ತೀಚಿನ ಅನೇಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಪಂಪಿನ ಹರಿವನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಅಲ್ಲಿ ಮೇಲಿನ ಸ್ಥೂಲ ಸೂತ್ರಗಳನ್ನು ಹಿಡಿದು ಪಂಪ್ ಬದಲಾಯಿಸಲು ಹೋಗಬೇಡಿ. ಕಡಿಮೆ ಒತ್ತಡ ಕಂಡರೆ ಅದು ಇಸಿಯು ಬೇಕೆಂದೇ ಇಳಿಸಿದ್ದೋ ಎಂದು ಸ್ಕ್ಯಾನರ್‌ನಲ್ಲಿ ಮೊದಲು ನೋಡಿಸಿ.

ನಿಮ್ಮ ಕಾರಿಗೆ ಮರಳಿದರೆ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಟ್ರ್ಯಾಕಿಗೆ ಹೋಗಬೇಡಿ. ಸಾಮಾನ್ಯವಾಗಿ ಅಂಥ ದೀಪ ಹತ್ತುವುದು ಒತ್ತಡ 0.3 ಬಾರ್ ಆಸುಪಾಸಿಗೆ ಕುಸಿದ ಮೇಲೆ. ಪ್ರೆಶರ್ ಗೇಜ್ ಜೊತೆಗೆ ಆಯಿಲ್ ಉಷ್ಣಾಂಶದ ಗೇಜನ್ನೂ ಹಾಕಿಸಿ. ಭಾರವಾದ ಸೆಂಡರನ್ನು ಬ್ಲಾಕಿನ ಮೇಲೆ ಹಿತ್ತಾಳೆಯ ಟೀ ಜೋಡಣೆಗೆ ನೇರವಾಗಿ ತಗುಲಿಹಾಕಿದರೆ ಕಂಪನಕ್ಕೆ ಕುತ್ತಿಗೆ ಮುರಿದು ಆಯಿಲ್ ಎಲ್ಲ ರಸ್ತೆಗೆ ಹೋಗುತ್ತದೆ, ಆದ್ದರಿಂದ ಹೆಣೆದ ಹೋಸ್ ಹಾಕಿ ಸೆಂಡರನ್ನು ಬಾಡಿಗೆ ಬಿಗಿಸಿ. ಪಂಪ್ ಕೂರಿಸುವಾಗ ರೋಟರ್‌ಗಳ ನಡುವೆ ಅಸೆಂಬ್ಲಿ ಲ್ಯೂಬ್ ತುಂಬಿ, ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್ ಹೊಸದು ಹಾಕಿ. ಟೈಮಿಂಗ್ ಬೆಲ್ಟ್ ಹೇಗೂ ಹೊರಗೆ ಬಂದಿರುತ್ತದೆ, ಅದನ್ನೂ ಹೊಸದೇ ಹಾಕಿಸಿ. ಮೊದಲ ಸ್ಟಾರ್ಟ್‌ಗೆ ಮುನ್ನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಸಂಪರ್ಕ ತಪ್ಪಿಸಿ, ಸ್ಟಾರ್ಟರ್ ಮೋಟಾರಿನಿಂದ ಹತ್ತು ಹತ್ತು ಸೆಕೆಂಡಿನಂತೆ ತಿರುಗಿಸಿ. ಗೇಜಿನ ಮುಳ್ಳು ಎದ್ದು ನಿಲ್ಲುವವರೆಗೆ ಪ್ಲಗ್ ಹಾಕಬೇಡಿ, ಮೆಕ್ಯಾನಿಕ್ ಎಷ್ಟೇ ಅವಸರಪಡಿಸಿದರೂ.

500 ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಬದಲಾಯಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಕಾಗದವನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಬೇರಿಂಗಿನ ಹೊಳಪು ಚೂರುಗಳು ಇಲ್ಲದಿದ್ದರೆ, ಆಯಿಲ್ 80 ಡಿಗ್ರಿಗೆ ಬಂದಾಗ ಐಡ್ಲಿಂಗ್ ಮತ್ತು 3,000 ಆರ್‌ಪಿಎಂನ ಒತ್ತಡ ಬರೆದಿಟ್ಟುಕೊಳ್ಳಿ. ಅದು 10 ಮತ್ತು 50ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಕೊಯಮತ್ತೂರಿಗೆ ಹೊರಡಿ. ಕೆಳಗಿದ್ದರೆ ಇನ್ನೊಂದು ಪಂಪ್ ತರಿಸುವ ಮುನ್ನ ಚೇಂಬರ್ ಇಳಿಸಿ ಪಿಕಪ್ ಗ್ಯಾಸ್ಕೆಟನ್ನೂ, ರಿಲೀಫ್ ವಾಲ್ವನ್ನೂ, ಬೇರಿಂಗ್ ಅಳತೆಯ ಆ ಕಾಗದವನ್ನೂ ಇನ್ನೊಮ್ಮೆ ನೋಡಿ.